ಒಂದು ಎಳೆ

ಕಾಳಾಚಾರಿ ಬೇಸಿಗೆಯಲ್ಲಿ ತನ್ನ ಕೆಲಸದ ಮೇಜಿಗೊಂದು ಡ್ರಾಯರ್ ಮಾಡಿದ. ಅದರ ಮೂಲೆಗಳಲ್ಲಿ ಪಾರಿವಾಳದ ಬಾಲದಂಥ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಮೊಳೆಯ ಹಂಗೇ ಇರಲಿಲ್ಲ. ಮೇಜಿನೊಳಗೆ ಅದು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಮರ ಸವರುವ ಹತ್ತರಿ ಹೇಳಿತು: “ತಮ್ಮಾ, ಪಕ್ಕದಲ್ಲಿ ಇನ್ನೊಂದು ಎಳೆ ಸವರಿಬಿಡುತ್ತೇನೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ.”

“ಉಬ್ಬುವುದು ಕಾಡುಮರ. ನಾನು ಅಳತೆಗೆ ಹುಟ್ಟಿದವನು,” ಎಂದಿತು ಡ್ರಾಯರ್. “ನಿನ್ನ ಬಾಯಿಗೆ ಸಿಕ್ಕಿದ್ದೆಲ್ಲ ಸಣ್ಣದಾಗುವುದನ್ನು ನೋಡಿದ್ದೇನೆ.”

ಆಚಾರಿಗೂ ಆ ಬಿಗಿ ಮೆಚ್ಚುಗೆಯಾಗಿತ್ತು. ಹತ್ತರಿಯನ್ನು ಅದೇ ಡ್ರಾಯರಿನಲ್ಲಿಟ್ಟು ಒಳಗೆ ತಳ್ಳಿದ.

ಆಷಾಢದ ಮಳೆ ಹಿಡಿಯಿತು. ಡ್ರಾಯರ್ ಉಬ್ಬಿತು. ಆಚಾರಿ ಮೇಜಿಗೆ ಕಾಲು ಕೊಟ್ಟು ಎಳೆದ. ಮೂಲೆಯ ಹಲ್ಲು ಒಂದೂ ಸಡಿಲವಾಗಲಿಲ್ಲ, ಡ್ರಾಯರೂ ಈಚೆ ಬರಲಿಲ್ಲ.

“ಅಣ್ಣಾ,” ಎಂದು ಡ್ರಾಯರ್ ತನ್ನ ಹೊಟ್ಟೆಯೊಳಗಿದ್ದ ಹತ್ತರಿಯನ್ನು ಮೆಲ್ಲಗೆ ಕರೆಯಿತು. “ಅವತ್ತಿನ ಆ ಒಂದು ಎಳೆ ಈಗ ಸವರಿಬಿಡಿ.”

“ಅದಕ್ಕೇನಂತೆ,” ಎಂದಿತು ಹತ್ತರಿ. “ಮೊದಲು ನನ್ನನ್ನು ಹೊರಗೆ ಬಿಡು.”

ಅಷ್ಟರಲ್ಲಿ ಆಚಾರಿ ಗರಗಸ ತಂದ.