ಏರದ ಬಳೆ

"ಕೇಳಿರಪ್ಪೋ ಕೇಳಿ! ಹೆತ್ತು ಮಲಗಿರುವ ರಾಜಕುಮಾರಿ ಕನಕಾಂಗಿಯ ಬಾಗಿಲಿಗೆ ರಕ್ಕಸಿ ಅಡ್ಡ ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅವಳ ಹೊಟ್ಟೆಗೆ. ಹೊತ್ತು ಮುಳುಗುವುದರೊಳಗೆ ಯಾರೂ ಬಿಡಿಸದಿದ್ದರೆ ರಾಜಕುಮಾರಿಯೇ ಅವಳ ಪಾಲು!"

ಡಂಗುರ ಕೇಳಿ ಬಳೆಗಾರ ಗುರುಪಾದ ಬಳೆಯ ಮಲಾರ ಹೊತ್ತು ಬಂದಾಗ ದೊಡ್ಡವರೆಲ್ಲ ಆಗಲೇ ಸಾಲು ನಿಂತಿದ್ದರು.

"ಉಣ್ಣದೆ ಉಬ್ಬುತ್ತೇನೆ. ಮೈ ತುಂಬಿದೆ ಎಂದು ಕಂಡವರು ಹಿಗ್ಗುತ್ತಾರೆ. ನಾನು ಯಾರು?" ಎಂದಳು ರಕ್ಕಸಿ.

"ಐಶ್ವರ್ಯ!" ಎಂದ ಮಂತ್ರಿ. ಪೇಟದ ಸಮೇತ ಅವನನ್ನು ನುಂಗಿದಳು.

"ಅದನ್ನು ಬಿಡು, ಮುಂದಿನದು ಕೇಳು," ಎಂದು ಸೇನಾಪತಿ ಮೀಸೆ ತಿರುವಿದ.

"ಕತ್ತಲೆ ಕೋಣೆಯಲ್ಲಿ ಕಿಡಿ ಹಾರಿಸುತ್ತೇನೆ. ಒಬ್ಬಳಿಗೆ ಕಾಣುತ್ತೇನೆ, ಪಕ್ಕದಲ್ಲಿ ಕೂತವಳಿಗೆ ಕಾಣುವುದಿಲ್ಲ."

"ಮಿಂಚುಹುಳ!" ಅವನೂ ಒಳಗೆ ಹೋದ, ಮೀಸೆ ಕೊನೆಗೆ.

"ಕೂಸಿನ ಜೊತೆ ನಾನೂ ಹೊರಟೆನೆಂದು ತೊಟ್ಟಿಲ ಹಾಡು ಹಾಡಿದರು. ನಾನು ಹೊರಡಲೇ ಇಲ್ಲ," ಎಂದಳು ರಕ್ಕಸಿ. ಅರಮನೆಯ ಪಂಡಿತರಿಗೆ ತಟ್ಟನೆ ಮನೆಯಲ್ಲೇನೋ ಕೆಲಸ ನೆನಪಾಯಿತು.

ಆ ರಾಜ್ಯದಲ್ಲಿ ಬಾಣಂತಿ ಕೋಣೆಗೆ ಬಳೆಗಾರನಿಗೆ ತಡೆಯಿರಲಿಲ್ಲ. "ಬಳೆ ತೊಡಿಸಿ ಬಂದು ಉತ್ತರ ಹೇಳುತ್ತೇನೆ," ಎಂದ ಗುರುಪಾದ.

"ಬೇಗ ಬಾ. ಹಸಿವು."

ಸೀಮಂತದಲ್ಲಿ ಸಲೀಸಾಗಿ ಏರಿದ್ದ ಅಳತೆಯ ಬಳೆ ಈಗ ಕನಕಾಂಗಿಯ ಗೆಣ್ಣು ದಾಟಲಿಲ್ಲ. ಕೈ ಒತ್ತಿದರೆ ಗುಳಿ ಬಿತ್ತು. "ಏನಾಗ್ತಿದೆ ತಂಗೆವ್ವಾ?"

ಅವಳ ಕಣ್ಣು ತುಂಬಿತು. "ಹೆತ್ತ ಮೇಲೆ ನನ್ನನ್ನು ಕೇಳಿದವನು ನೀನೇ ಮೊದಲು, ಅಣ್ಣಾ. ಕೂಸಿನ ಮೂಗು ಯಾರ ಹಾಗಿದೆ ಎಂದು ಈ ಅರಮನೆಯವರಿಗೆ ಜಗಳ. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಕಿಡಿ. ಬಲಪಕ್ಕೆಯ ಕೆಳಗೆ ನೋವೆಂದರೆ ವಾಯು ಎಂದು ಓಂಕಾಳು ತಿನ್ನಿಸಿದರು. ಬಸಿರಲ್ಲಿ ರಕ್ತದೊತ್ತಡ ಏರಿದೆ ಎಂದು ಡಾಕ್ಟರಮ್ಮ ಅಂದಿದ್ದರು. ಹೆರಿಗೆಯಾಯಿತಲ್ಲ, ಅದೂ ಹೋಯಿತು ಅಂದರು ಇವರು."

ಗುರುಪಾದ ಹೊರಗೆ ಬಂದ. "ಉಣ್ಣದೆ ಉಬ್ಬಿದ್ದು ಬಾವು. ಕಿಡಿ ಅವಳ ಕಣ್ಣಲ್ಲಿದೆ. ಹೊರಡದೆ ಕೂತದ್ದು ಬಸಿರಿನ ರಕ್ತದೊತ್ತಡ. ಇನ್ನು ಏಳು, ದಾರಿ ಬಿಡು!"

ರಕ್ಕಸಿ ನುಂಗಿದವರನ್ನು ಉಗುಳಿ ಮಾಯವಾದಳು. ದೊರೆ ಪಟ್ಟದಾನೆ ತರಿಸಹೊರಟ.

"ಆನೆಯ ಮೇಲೆ ಮೆರವಣಿಗೆ ಆಮೇಲೆ ಮಾಡಿ, ದೊರೆ. ಈಗ ಆಸ್ಪತ್ರೆಗೆ ಓಡುವ ಗಾಡಿ ಕಟ್ಟಿಸಿ," ಎಂದ ಗುರುಪಾದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟರು, ಒತ್ತಡ ಇಳಿಸಿದರು, ರಕ್ತ ಪರೀಕ್ಷಿಸಿದರು. "ಲಿವರಿಗೂ ಪೆಟ್ಟು ಬಿದ್ದಿದೆ. ಅಪರೂಪ, ಆದರೆ ಜೀವ ತೆಗೆಯುತ್ತದೆ. ಬಸಿರಿನ ಈ ಒತ್ತಡ ಹೆತ್ತ ಮೇಲೂ ಬರುತ್ತದೆ, ದೊರೆ. ಸರಿಯಾದ ಹೊತ್ತಿಗೆ ತಂದಿರಿ, ಉಳಿದಳು."

ಕನಕಾಂಗಿ ಚೇತರಿಸಿಕೊಂಡು ಮನೆಗೆ ಬಂದಳು. ದೊರೆ ಅರ್ಧ ರಾಜ್ಯ ಕೊಡಬಂದ.

"ಅದನ್ನು ಹೊತ್ತು ನಾನು ಊರೂರು ತಿರುಗಲೇ? ಬಳೆ ಹೊರಲು ಒಂದು ಕುದುರೆ ಕೊಡಿ, ಸಾಕು. ಜೊತೆಗೊಂದು ಆಜ್ಞೆ: ಯಾರೇ ಬರಲಿ, ಹೆತ್ತವಳನ್ನು ವಿಚಾರಿಸಿದ ಮೇಲೆಯೇ ಕೂಸಿನ ಮುಖ ನೋಡಬೇಕು."

ದೊರೆ ಒಪ್ಪಿ ಮುದ್ರೆ ಒತ್ತಿದ, ಮೊಮ್ಮಗನನ್ನು ನೋಡಲು ನೆಟ್ಟಗೆ ತೊಟ್ಟಿಲಿಗೆ ನಡೆದ. ಕನಕಾಂಗಿ ಕೆಮ್ಮಿದಳು. ದೊರೆ ನಾಲಿಗೆ ಕಚ್ಚಿಕೊಂಡು ತಿರುಗಿದ.

"ಹೇಗಿದ್ದೀಯಮ್ಮಾ?"

ಅವಳು ಹೇಳತೊಡಗಿದಳು. ಮೊಮ್ಮಗನ ಮುಖ ನೋಡುವಷ್ಟರಲ್ಲಿ ದೊರೆಯ ಊಟ ತಣ್ಣಗಾಗಿತ್ತು.