ಹೆಲೆನಮ್ಮನಿಗೆ ಬಸವಣ್ಣಿ ಬರೆದ ಕಾಗದ

ಹೊಳೆ ದಂಡೇಲಿ ಒಂದೂರು. ಆ ಊರಲ್ಲಿ ದೇವೀರಮ್ಮ ಅನ್ನೋಳಿಗೆ ಒಬ್ಬನೇ ಮಗ, ಬಸವಣ್ಣಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ. ಬಾಗಿಲು ನೋಡ್ಕೋ ಅಂತ ಹೇಳಿ ಅವ್ವ ಹೊಲಕ್ಕೆ ಹೋದರೆ ಸಂಜೆವರೆಗೂ ಬಾಗಿಲನ್ನೇ ನೋಡ್ತಾ ಕೂತಿರೋನು. ಹಿತ್ತಲಿಂದ ಮೇಕೆ ನುಗ್ಗಿ ಕಾಳೆಲ್ಲ ತಿಂದು ಹೋಗಿರೋದು. ದೇವೀರಮ್ಮ ಹಣೆ ಚಚ್ಚಿಕೊಳ್ಳೋಳು. ಚಚ್ಚಿಕೊಂಡು ಮುದ್ದೆ ಇಕ್ಕೋಳು.

ಇವನು ಹುಟ್ಟೋವಾಗ ತಾಯಿ ಮಗು ಇಬ್ಬರೂ ಉಳಿಯಲ್ಲ ಅಂತ ಎಲ್ಲರೂ ಕೈ ಚೆಲ್ಲಿದ್ದರು. ಆಗ ಮಿಷನ್ ಆಸ್ಪತ್ರೇಲಿ ದೂರದ ದೇಶದಿಂದ ಬಂದ ಹೆಲೆನಮ್ಮ ಅನ್ನೋ ನರ್ಸಮ್ಮ ಇದ್ದಳು. ಊಟ ನಿದ್ದೆ ಬಿಟ್ಟು ಕೂತು, ಇಬ್ಬರನ್ನೂ ಉಳಿಸಿಕೊಟ್ಟಳು. ಆಮೇಲೆ ವಯಸ್ಸಾಗಿ ತನ್ನ ದೇಶಕ್ಕೆ ಹೋದಳು.

ಈಗ ಆಸ್ಪತ್ರೆಯ ಕಂಪೌಂಡರು ಸುದ್ದಿ ತಂದ. ಹೆಲೆನಮ್ಮ ಹಾಸಿಗೆ ಹಿಡಿದವಳೆ, ಬಹಳ ದಿನ ಇರೋ ಹಾಗಿಲ್ಲ. ದೇವೀರಮ್ಮನಿಗೆ ಅನ್ನ ಸೇರಲಿಲ್ಲ. ಆಯಮ್ಮ ಕಣ್ಣು ಮುಚ್ಚೋದರೊಳಗೆ ಒಂದು ಮಾತು ಮುಟ್ಟಿಸಬೇಕು. ಆದರೆ ಆಯಮ್ಮನಿಗೆ ಕನ್ನಡ ಓದಕ್ಕೆ ಬರಲ್ಲ. ಬರೆದರೆ ಇಂಗ್ಲೀಷಲ್ಲೇ ಬರೀಬೇಕು.

ಊರಲ್ಲಿ ಇಂಗ್ಲೀಷು ಬಲ್ಲೋರು ಅಂತೋಣಿ ಮೇಷ್ಟ್ರು ಒಬ್ಬರೇ. ನಾನೇ ಬರೆದುಕೊಡ್ತೀನಿ ಅಂದರು. ದೇವೀರಮ್ಮ ಒಪ್ಪಲಿಲ್ಲ.

"ಆಯಮ್ಮ ಉಳಿಸಿದ ಕೈಯೇ ಬರೀಲಿ ಮೇಷ್ಟ್ರೇ. ನೀವು ಕಲಿಸಿ."

ಮೇಷ್ಟ್ರು ಇಲ್ಲ ಅನ್ನಲಿಲ್ಲ. ಅವರ ಹೆಂಡತಿ ಆ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ. ಆದರೆ ಕೊನೇವರೆಗೂ ಪಕ್ಕದಲ್ಲಿ ಕೂತಿದ್ದೋಳು ಹೆಲೆನಮ್ಮನೇ.

ಬಸವಣ್ಣಿಗೆ ಕಾಗದ ಪೆನ್ನು ಕೊಟ್ಟು, ಬರೋದನ್ನ ಬರಿ ಅಂದರು. ಬರೆದ. ಶಾಲೇಲಿ ಅವನು ಕಲಿತ ಇಂಗ್ಲೀಷು ಕಾಗದ ಅಂದರೆ ರಜಾ ಚೀಟಿ ಒಂದೇ. ಮಾನ್ಯರೇ, ನನಗೆ ಜ್ವರ ಇರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.

ಸಾಯೋ ಮುದುಕಿ ಹತ್ತಿರ ರಜೆ ಕೇಳ್ತೀಯಲ್ಲೋ ಅಂತ ಮೇಷ್ಟ್ರು ಬೈದರು. ಅದು ಆಫೀಸಿಗೆ ಬರೆಯೋದು, ಇದು ನಮ್ಮೋರಿಗೆ. ನಮ್ಮೋರಿಗೆ ಬರೆಯೋವಾಗ, ಅವರು ಎದುರಿಗೆ ಕೂತವರೆ, ನೀನು ಮಾತಾಡ್ತಾ ಇದೀಯ, ಹಾಗೆ ಬರೀಬೇಕು ಅಂದರು.

ಆಗಲಿ ಅಂದ. ಮಾರನೇ ದಿನ ಎದುರಿಗೆ ಒಂದು ಮಣೆ ಹಾಕಿದ. ಹೇಗಿದ್ದೀರಿ ಹೆಲೆನಮ್ಮ ಅಂತ ಒಂದು ಸಾಲು ಬರೆದ. ಬರೆದು ಸುಮ್ಮನೆ ಕೂತ. ಹೊತ್ತು ನೆತ್ತಿಗೆ ಬಂತು, ಹೊತ್ತು ಇಳೀತು. ದೇವೀರಮ್ಮ ಹೊಲದಿಂದ ಬಂದು, ಯಾಕ್ಲಾ ನಿಲ್ಲಿಸಿದೆ ಅಂದಳು.

"ಕೇಳೀನಿ ಕಣವ್ವ. ಅವ್ರಿನ್ನೂ ಏನೂ ಅಂದಿಲ್ಲ."

ಅವ್ವ ಬೈದಳು, ಮೇಷ್ಟ್ರೂ ಬೈದರು. ಯಾರಿಗೂ ಕಾಯಬೇಡ. ಮೊದಲು ಇಲ್ಲಿ ಎಲ್ಲರೂ ಕ್ಷೇಮ ಅಂತ ಬರಿ. ಯಾರು ಕಾಗದ ಬರೆದರೂ ಹಾಗೇ ಶುರು ಮಾಡೋದು. ಆಮೇಲೆ ಮಿಕ್ಕಿದ್ದು ಅಂದರು ಮೇಷ್ಟ್ರು.

ಆಗಲಿ ಅಂದ. ಮಾರನೇ ದಿನ ಬೆಳಿಗ್ಗೆ ಎದ್ದೋನೇ ಊರು ಸುತ್ತೋಕೆ ಹೊರಟ. ಒಂದೊಂದು ಮನೆ ಬಾಗಿಲಿಗೂ ಹೋಗಿ ಕ್ಷೇಮವಾ ಅಂತ ಕೇಳಿದ. ಕಾಳಮ್ಮಜ್ಜಿಗೆ ಕೆಮ್ಮು. ಚೆಲುವಯ್ಯನಿಗೆ ಮಂಡಿ ನೋವು. ಚೆಲುವಯ್ಯನ ಎಮ್ಮೆ ಮೇವು ಮುಟ್ಟುತ್ತಿಲ್ಲ. ಬಸವಣ್ಣಿ ಕಾಗದ ಮಡಿಸಿಟ್ಟ. ಅಜ್ಜಿಗೆ ಶುಂಠಿ ಕಷಾಯ ಕಾಸಿಕೊಟ್ಟ, ಎಮ್ಮೆಗೆ ಹಸಿ ಹುಲ್ಲು ತಂದು ಹಾಕಿದ. ಎಮ್ಮೆ ಮೇವು ತಿನ್ನೋ ಹೊತ್ತಿಗೆ ತಳವಾರನ ಹೆಂಡತಿ ಬಾವಿ ಹತ್ತಿರ ಜಾರಿ ಬಿದ್ದಳು. ದಿನಾ ಕೇಳೋನು, ದಿನಾ ಒಬ್ಬರಿಗೆ ಏನಾದರೂ ಇರೋದು. ಈ ಊರಲ್ಲಿ ಎಲ್ಲರೂ ನೆಟ್ಟಗಿರೋ ದಿನ ನಿಮ್ಮಜ್ಜನೂ ನೋಡಿರಲಿಲ್ಲ ಹೋಗೋ, ಅಂತ ಚೆಲುವಯ್ಯ ಮಂಡಿ ನೀವಿಕೊಂಡು ನಕ್ಕ.

ಅಷ್ಟರಲ್ಲಿ ಕಂಪೌಂಡರು ಇನ್ನೊಂದು ಸಲ ಬಂದ. ಹೆಲೆನಮ್ಮ ಈಗ ಗಂಜಿ ಮಾತ್ರ ಕುಡೀತಾಳಂತೆ.

ದೇವೀರಮ್ಮ ಈ ಸಲ ಬೈಯಲಿಲ್ಲ. ಅತ್ತಳು. "ಮಗ, ಏನಿದೆಯೋ ಅದನ್ನೇ ಬರಿ. ಇವತ್ತೇ ಬರಿ."

ಆಗಲಿ ಅಂದ. ಕೂತು, ಮೇಷ್ಟ್ರು ಕಲಿಸಿದ ಅಷ್ಟಿಷ್ಟು ಇಂಗ್ಲೀಷಲ್ಲೇ ಬರೆದ. ಆ ಕಾಗದ ಕನ್ನಡದಲ್ಲಿ ಹೇಳೋದಾದರೆ ಹೀಗಿತ್ತು.

ಪ್ರೀತಿಯ ಹೆಲೆನಮ್ಮ, ಇಲ್ಲಿ ಎಲ್ಲರೂ ಕ್ಷೇಮ ಇಲ್ಲ. ಕಾಳಮ್ಮಜ್ಜಿಗೆ ಕೆಮ್ಮು. ಚೆಲುವಯ್ಯನಿಗೆ ಮಂಡಿ. ಎಮ್ಮೆ ಈಗ ತಿನ್ನುತ್ತದೆ. ನನ್ನ ಅವ್ವ ಇದ್ದಾಳೆ. ದಿನಾ ಬೈಯುತ್ತಾಳೆ. ನೀವು ಉಳಿಸದಿದ್ದರೆ ಬೈಯೋಕೆ ಅವಳು ಇರುತ್ತಿರಲಿಲ್ಲ. ಬೈಸಿಕೊಳ್ಳೋಕೆ ನಾನೂ ಇರುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಇಲ್ಲ. ನೀವು ಅವರ ಪಕ್ಕ ಕೂತಿದ್ದನ್ನ ಮೇಷ್ಟ್ರು ಮರೆತಿಲ್ಲ. ಇಷ್ಟೇ ಇರೋದು. ಬಸವಣ್ಣಿ.

ಮೇಷ್ಟ್ರು ಓದಿದರು. ಕನ್ನಡಕ ತೆಗೆದರು. ಬಹಳ ಹೊತ್ತು ಹಾಕಿಕೊಳ್ಳಲಿಲ್ಲ.

"ತಪ್ಪು ಬೇಕಾದಷ್ಟಿದೆ ದೇವೀರಮ್ಮ. ನಾನು ಒಂದನ್ನೂ ತಿದ್ದಲ್ಲ."

ಲಕೋಟೆ ಅಂಟಿಸಿ, ವಿಳಾಸ ಬರೆದು, ಸ್ಟಾಂಪು ಹಚ್ಚಿಕೊಟ್ಟರು. ಅಂಚೆ ಕಚೇರಿ ಇರೋದು ಪಕ್ಕದ ಪೇಟೇಲಿ. ಗೋಡೇಲಿರೋ ಕಂಡೀಲಿ ಹಾಕಬೇಕು ಅಂದರು. ಮಗ ದಾರೀಲಿ ಎಲ್ಲಿ ಕಳೆದುಬಿಡ್ತಾನೋ ಅಂತ ದೇವೀರಮ್ಮನಿಗೆ ದಿಗಿಲು. ಆಯಮ್ಮನ ಕೈ ಸೇರೋತನಕ ಇದನ್ನ ಬಿಡಬೇಡ ಅಂತ ಒತ್ತಿ ಒತ್ತಿ ಹೇಳಿ ಕಳಿಸಿದಳು.

ಆಗಲಿ ಅಂತ ಹೋದ. ಆ ಕಂಡೀಲಿ ಹೊರಗಿಂದ ಹಾಕಿದ್ದು ಒಳಗಿನ ಪೆಟ್ಟಿಗೆಗೆ ಬೀಳುತ್ತೆ. ಬಸವಣ್ಣಿ ಮೊಣಕೈವರೆಗೂ ಕೈ ತೂರಿಸಿದ. ಕಾಗದ ಬಿಡಲಿಲ್ಲ. ಹಾಗೇ ನಿಂತ. ಹಿಂದೆ ಬಂದೋರು ತಮ್ಮ ಕಾಗದ ಅವನ ತೋಳಿನ ಸಂದೀಲಿ ತುರುಕಿ ಹೋದರು. ಬಿಸಿಲಿಗೆ ಬೆವರಿದ, ಬಿಡಲಿಲ್ಲ.

ಒಳಗೆ ಪೋಸ್ಟ್ ಮಾಸ್ಟರು ಪೆಟ್ಟಿಗೆ ತೆಗೆದರೆ ಒಂದು ಕೈ. ಕೈಯಲ್ಲಿ ಕಾಗದ. ಟಪಾಲು ಬಸ್ಸು ಬೇರೆ ಹಾರನ್ ಹೊಡೀತಿತ್ತು. ಅವರು ಕೈ ಸಮೇತ ಕಾಗದ ಹಿಡಿದು ಎಳೆದರು.

ಬಸವಣ್ಣಿ ಕಂಡಿಗೆ ಬಾಯಿಟ್ಟು ಕೇಳಿದ. "ಯಾರು, ಹೆಲೆನಮ್ಮನಾ?"

"ಹ್ಞೂಂ, ಹ್ಞೂಂ, ಬಿಡಯ್ಯ ಬೇಗ."

ಬಿಟ್ಟ. ಕಾಗದ ಬಸ್ಸು ಹತ್ತಿತು.

ದೇವೀರಮ್ಮ ಜಗಲಿ ಮೇಲೆ ಕಾಯ್ತಾ ಕೂತಿದ್ದಳು. ಮುಟ್ಟಿಸಿದೆಯೇನ್ಲಾ ಅಂದಳು.

"ಕೈಗೇ ಕೊಟ್ಟೆ ಕಣವ್ವ. ಕೈ ಬೆಚ್ಚಗಿತ್ತು. ಗಟ್ಟಿಯಾಗೂ ಎಳೆದ್ರು. ಚೆನ್ನಾಗವ್ರೆ."

ದೇವೀರಮ್ಮ ಬೈಯೋಕೆ ಬಾಯಿ ತೆರೆದಳು. ಬೈಯಲಿಲ್ಲ. ಮಗನ ಬೆವರಿದ ಕೈಯನ್ನ ತನ್ನ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.