ಗಾಳಿಗೆ ಬಾಗಿಲಿಟ್ಟ ಸಿಪ್ಪೋರಾಬಾಯಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರಲಿಲ್ಲ ಅನ್ನಿ, ಹೊಳೆ ಕಡಲು ಸೇರುವ ಈ ಉಪ್ಪಿನಕೋಡಿಯಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುವ ಯೆಹೂದಿಗಳಿದ್ದರು. ನಮ್ಮವರೇ. ಶನಿವಾರ ದೇವರು ಹೇಳಿದ ವಿಶ್ರಾಂತಿಯ ದಿನ, ಅದು ಬಂತೆಂದರೆ ಅವರ ಗಾಣವೂ ನಿಲ್ಲುತ್ತಿತ್ತು, ಎತ್ತೂ ಮಲಗುತ್ತಿತ್ತು. ಆ ಗಾಣದ ಮನೆಯ ಮಗಳು ಸಿಪ್ಪೋರಾಬಾಯಿ. ಗಾಳಿ ಅವಳ ಮಾತು ಕೇಳುತ್ತಿತ್ತಂತೆ. ಸುಳ್ಳೋ ನಿಜವೋ, ಕೇಳಿ.

ಮೊದಲು ನಾಲ್ಕಾರು ಮನೆ. ಆಮೇಲೆ ಎಣ್ಣೆಗೆ ಹೆಸರು ಬಂತು, ದೋಣಿ ದೋಣಿ ತುಂಬ ನೆಂಟರು ಬಂದರು, ಮಕ್ಕಳಾದವು, ಮೊಮ್ಮಕ್ಕಳಾದವು. ಪ್ರಾರ್ಥನೆಗೆ ಮಾತ್ರ ಅದೇ ಹಳೇ ಗಾಣದ ಮನೆ. ಗಂಡಸರು ಕೆಳಗೆ, ಹೆಂಗಸರು ಹೆಂಚಿನಡಿಯ ಅಟ್ಟದಲ್ಲಿ. ವರ್ಷಕ್ಕೊಮ್ಮೆ ಪಾಪಪರಿಹಾರದ ಉಪವಾಸ. ಸಂಜೆಯಿಂದ ಮರುಸಂಜೆಯವರೆಗೆ ಹನಿ ನೀರೂ ಇಲ್ಲ. ಅದು ಬರುವುದೋ, ಮಳೆ ಹೋಗಿ ಸೆಕೆ ಕುದಿಯುವ ಕಾಲದಲ್ಲಿ. ಒಂದು ವರ್ಷ ಸಿಪ್ಪೋರಾಳ ತಾಯಿ ಲೇಯಾಬಾಯಿ ಅಟ್ಟದಲ್ಲೇ ಎಚ್ಚರ ತಪ್ಪಿ ಬಿದ್ದಳು. ಸಮಾಜದ ಹಿರಿಯ ಹಸ್ಸಾಜಿ, ಇನ್ನು ಮೇಲೆ ವಯಸ್ಸಾದ ಹೆಂಗಸರು ಆ ದಿನ ಮನೆಯಲ್ಲೇ ಇರಲಿ ಎಂದುಬಿಟ್ಟ. ಲೇಯಾಬಾಯಿ ವರ್ಷವಿಡೀ ಕಾಯುತ್ತಿದ್ದದ್ದು ಅದೊಂದೇ ದಿನಕ್ಕೆ. ಉಪವಾಸ ಮುಗಿಯುವಾಗ ಊದುವ ಕೊಂಬಿನ ಸದ್ದು ಕೇಳದೆ ಸತ್ತರೆ ಹೇಗೆ ಎಂದು ಅತ್ತಳಂತೆ.

ಹೊಸ ಮಂದಿರ ಕಟ್ಟೋಣ ಎಂದು ಎಲ್ಲರೂ ಒಪ್ಪಿದರು. ಹಸ್ಸಾಜಿ ಯಾವನೋ ನಾವಿಕನಿಂದ ದೂರದೇಶದ ಸಿನಗಾಗ್‌ನ, ಅಂದರೆ ಅಲ್ಲಿನ ಯೆಹೂದಿಗಳ ಪ್ರಾರ್ಥನಾಮಂದಿರದ, ಚಿತ್ರ ಸಂಪಾದಿಸಿದ್ದ. ದಪ್ಪ ಗೋಡೆ, ಬೆರಳು ತೂರುವಷ್ಟು ಕಿಟಕಿ, ಮಾಡಿನ ಮೇಲೆ ಹಿಮ. ಇದೇ ಬೇಕು ಅಂದ. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಹಿಮ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದವಳು ಸಿಪ್ಪೋರಾ ಒಬ್ಬಳೇ.

ಅವಳು ಗಾಣದ ಹಿಂಡಿ ಕಲಸಿ, ಚಿತ್ರದಲ್ಲಿದ್ದಂತೆಯೇ ಒಂದು ಪುಟ್ಟ ಮಂದಿರ ಮಾಡಿದಳು, ಒಳಗೆ ಹೆಂಗಸರ ಅಟ್ಟವನ್ನೂ ಇಟ್ಟಳು. ಅದನ್ನು ಕಡಲ ದಂಡೆಯಲ್ಲಿಟ್ಟು ಒಳಗೆ ತೆಂಗಿನ ನಾರು ಹೊತ್ತಿಸಿದಳು. ಊರೇ ನೆರೆಯಿತು. ಹೊಗೆ ಮೇಲೇರಿ ಹೆಂಗಸರ ಅಟ್ಟದಲ್ಲಿ ನಿಂತಿತು, ಹೊರಗೆ ಬರಲೇ ಇಲ್ಲ. ಹಸ್ಸಾಜಿ ಬಗ್ಗಿ ಇಣುಕಿ ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ ಕೆಮ್ಮಿದ. ನನ್ನ ಅಮ್ಮ ಕೂರುವ ಜಾಗ ಅದೇ ಎಂದಳಂತೆ ಸಿಪ್ಪೋರಾ.

ಆಮೇಲೆ ಚಾಕು ಹಿಡಿದು ಪಡುವಣ ಗೋಡೆ ಕೊರೆದಳು. ಎದುರಿಗೆ, ಅಟ್ಟದ ಮೂಡಣ ಗೋಡೆಯನ್ನೂ ಕೊರೆದಳು. ಕಡಲ ಗಾಳಿ ಒಳಗೆ ನುಗ್ಗಿ, ಅಟ್ಟವನ್ನೆಲ್ಲ ಸುತ್ತಿ, ಹೊಗೆಯನ್ನು ಹೊರಗೆ ಹಾಕಿತು. ಹೆಂಗಸರು ಕೇಕೆ ಹಾಕಿದರಂತೆ. ಹಸ್ಸಾಜಿ ಮಾತ್ರ ಹೌಹಾರಿದ. ಪಡುವಣ ಅಂದರೆ ಯೆರೂಸಲೇಮಿನ ದಿಕ್ಕು, ಧರ್ಮಗ್ರಂಥದ ಸುರುಳಿ ಇಡುವ ಗೋಡೆ, ಅದನ್ನು ತೂತು ಮಾಡುವುದೇ!

"ಹಸ್ಸಾಜಿ ಕಾಕಾ, ಯೆರೂಸಲೇಮಿನ ಕಡೆಯಿಂದ ಬರೋ ಗಾಳಿಗೇ ಬಾಗಿಲು ಹಾಕ್ತೀರಾ?" ಎಂದಳು ಸಿಪ್ಪೋರಾ.

ಹಸ್ಸಾಜಿ ಕಡಲನ್ನು ನೋಡಿದ. ಗಾಳಿ ಅವನ ಗಡ್ಡ ಹಾರಿಸುತ್ತಿತ್ತು. ಆಮೇಲೆ ಆ ಚಿತ್ರವನ್ನು ಸಿಪ್ಪೋರಾಳ ಕೈಗೆ ಕೊಟ್ಟು, ತಗೋ, ಬೀಸಣಿಗೆ ಮಾಡಿಕೋ ಅಂದನಂತೆ.

ಹಾಗೆ ಎದ್ದಿತು ನಮ್ಮ ಮಂದಿರ. ಸುರುಳಿಯ ಪೆಟ್ಟಿಗೆಯ ಎರಡೂ ಪಕ್ಕ ಆಳೆತ್ತರದ ಕಿಟಕಿ, ಮೇಲೆ ವಿಶಾಲವಾದ ಅಟ್ಟ. ಮೂಡಣ ಗೋಡೆಯನ್ನು ಗಾಳಿ ಹೊರಹೋಗಲು ಅಟ್ಟದ ಬಳಿ ಸಂದು ಬಿಟ್ಟು ಬರೀ ಹಲಗೆಯಲ್ಲಿ ಮಾಡಿಸಿದಳು, ಮುಂದೆ ಜನ ಹೆಚ್ಚಿದಾಗ ಬಿಚ್ಚಿ ಹಿಂದೆ ಸರಿಸಬಹುದು. ಕೊನೆಗೆ ಸೆರಗು ಬೀಸಿ ಗಾಳಿಯನ್ನು ಕರೆದಳು, ಅದು ನಾಯಿಮರಿಯ ಹಾಗೆ ಅವಳ ಹಿಂದೆ ಒಳಗೆ ಬಂತು ಅಂತಾರೆ. ಸುಳ್ಳಿರಬಹುದು. ಆದರೆ ಆ ವರ್ಷದ ಉಪವಾಸಕ್ಕೆ ಲೇಯಾಬಾಯಿ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದ್ದು ಸುಳ್ಳಲ್ಲ. ಮರುಸಂಜೆ ಕೊಂಬು ಊದಿದಾಗ ಅವಳು ಎದ್ದು ನಿಂತಿದ್ದಳಂತೆ, ಯಾರ ಕೈಯನ್ನೂ ಹಿಡಿಯದೆ.

ಆ ಹಲಗೆ ಗೋಡೆ ಎಷ್ಟೋ ಸಲ ಸರಿದು ಸರಿದು ಈಗ ಹಿತ್ತಲ ಬಾವಿಯ ಹತ್ತಿರ ಬಂದಿದೆ. ಫ್ಯಾನೂ ಬಂದಿದೆ, ನಾನು ಬೇಡ ಅನ್ನುವುದಿಲ್ಲ. ಆದರೂ ಉಪವಾಸ ಹಿಡಿಯುವ ಸಂಜೆ ಇವತ್ತಿಗೂ ಹೆಂಗಸರೇ ಮೊದಲು ಒಳಗೆ ಹೋಗುವುದು. ನಮ್ಮಲ್ಲಿ ಎಲ್ಲರಿಗಿಂತ ಮುದುಕಿ ಯಾರೋ ಅವಳು ಅಟ್ಟದ ಕಟಕಟೆಯಿಂದ ಸೆರಗು ಚಾಚುತ್ತಾಳೆ. ಕೆಳಗೆ ಗಂಡಸರೆಲ್ಲ ತಲೆ ಎತ್ತಿ ಕಾಯುತ್ತಾರೆ. ಸೆರಗು ಹಾರಿದ ಮೇಲೆಯೇ ಪ್ರಾರ್ಥನೆ ಶುರು.

ಹೋದ ವರ್ಷದಿಂದ ಆ ಸೆರಗು ನನ್ನದು.